ಓಕೆಯಣ್ಣನ ಮಂಚ

ಎರಡಕ್ಷರದ ಒಂದು ಇಂಗ್ಲಿಷ್ ಮಾತು ಒಬ್ಬ ಬಡಗಿಯ ಮನೆಯಲ್ಲಿ ಒಂದು ಮಂಚವನ್ನು ವರ್ಷಗಟ್ಟಲೆ ಮೇಲೇಳಗೊಡಲಿಲ್ಲ ಎಂದರೆ ಯಾರೂ ಸುಲಭಕ್ಕೆ ನಂಬುವುದಿಲ್ಲ. ಆದರೆ ನಡೆದದ್ದು ಹಾಗೇ.

ಆ ಮಾತು 'ಓಕೆ'. ಬಡಗಿ ಅದನ್ನು ಎಲ್ಲಿಂದ ತಂದನೆಂಬುದು ಊರಿಗೆ ಗೊತ್ತಿತ್ತು. ಮೀಸೆ ಚಿಗುರುವ ಕಾಲಕ್ಕೆ ಅವನು ಪೇಟೆಯ ಒಬ್ಬ ಮೇಸ್ತ್ರಿಯ ಕೈಕೆಳಗೆ ಕೆಲಸಕ್ಕಿದ್ದ. ಆ ಮೇಸ್ತ್ರಿ ಕೆಲಸ ಹೇಳುವಾಗಲೂ ಓಕೆ, ಬೈಯುವಾಗಲೂ ಓಕೆ, ಮನೆಗೆ ಹೋಗು ಎನ್ನುವುದಕ್ಕೂ ಓಕೆ ಎನ್ನುತ್ತಿದ್ದ. ಬಡಗಿ ಊರಿಗೆ ಮರಳುವಾಗ ಒಂದು ಉಳಿ, ಒಂದು ಕೊಡತಿ ಮತ್ತು ಈ ಮಾತನ್ನು ತಂದ. ಉಳಿ ಸವೆಯಿತು, ಕೊಡತಿ ಒಡೆಯಿತು, ಮಾತು ಮಾತ್ರ ಬಳಸಿದಷ್ಟೂ ಹೊಳಪೇರುತ್ತ ಹೋಯಿತು.

ಬಾಗಿಲು ಮಾಡಿಕೊಡ್ತೀಯಾ ಎಂದರೆ ಓಕೆ. ನಾಳೆಗೇ ಬೇಕು ಎಂದರೆ ಓಕೆ. ನಿನ್ನೆ ಯಾಕೆ ಬರಲಿಲ್ಲ ಎಂದು ಗದರಿದರೂ ಓಕೆ. ಹೆಬ್ಬೆರಳಿನ ಮೇಲೆ ಸುತ್ತಿಗೆ ಬಿದ್ದು ಕಣ್ಣಲ್ಲಿ ನೀರು ಚಿಮ್ಮಿದಾಗ, ಏನಾಯ್ತಪ್ಪ ಎಂದು ಓಡಿಬಂದವರಿಗೂ ಓಕೆ. ಜನ ಅವನ ಹೆಸರು ಮರೆತು ಓಕೆಯಣ್ಣ ಎಂದು ಕರೆಯತೊಡಗಿದರು. ಅವನ ಓಕೆಯನ್ನು ಮೋಡ ನೋಡಿ ಮಳೆ ಹೇಳುವವರ ಹಾಗೆ ಅಳೆಯುವುದನ್ನೂ ಕಲಿತರು. ಚಿಕ್ಕದಾಗಿ ಕಡಿದು ಹೇಳಿದರೆ ಈ ವಾರ ಬರುತ್ತಾನೆ. ಎಳೆದು ಹೇಳಿದರೆ ಮುಂದಿನ ತಿಂಗಳು. ಬೆನ್ನುಬೆನ್ನಿಗೆ ಎರಡು ಸಲ ಹೇಳಿದರೆ, ಈಗ ದಾರಿ ಬಿಡು, ಉಳಿದದ್ದು ಆಮೇಲೆ. ಆ ಪುಟ್ಟ ಮಾತಿನ ಹೊಟ್ಟೆಯಲ್ಲಿ ಇಷ್ಟೆಲ್ಲ ಅರ್ಥಗಳು ತುಂಬಿಕೊಂಡಿದ್ದರೂ ಒಂದಕ್ಕೆ ಮಾತ್ರ ಜಾಗ ಸಿಕ್ಕಿರಲಿಲ್ಲ. 'ಆಗುವುದಿಲ್ಲ' ಎಂಬ ಅರ್ಥದಲ್ಲಿ ಓಕೆಯಣ್ಣ ಒಮ್ಮೆಯೂ ಓಕೆ ಎಂದವನಲ್ಲ.

ಅವನ ಮನೆಯ ಮಂಚ ಬಿದ್ದುಕೊಂಡಿದ್ದು ಇದರಿಂದ. ಮಂಚಕ್ಕೆಂದು ಎತ್ತಿಟ್ಟ ಮೊದಲ ಹಲಗೆಗಳು ಪಕ್ಕದ ಮನೆಯ ಕಂಡಕ್ಟರ್ ಮಾಮನ ಜಗಲಿಯ ಬೆಂಚಾದವು. ಕಾಲಿಗೆಂದು ಕಡೆದಿಟ್ಟ ಮರ ಎದುರುಮನೆಯ ಕೋಳಿಯಕ್ಕನ ಗೂಡಿಗೆ ಕಂಬವಾಯಿತು. ಮತ್ತೆ ಮರ ತಂದ. ಮತ್ತೆ ಯಾರೋ ಕೇಳಿದರು. ಕಳೆದ ವರ್ಷ ಅತ್ತೆ ಬಂದಾಗ ಅವರನ್ನು ಕೆತ್ತೆಯ ಚೂರು ಗುಡಿಸಿ ನೆಲದ ಮೇಲೆಯೇ ಮಲಗಿಸಬೇಕಾಯಿತು. ಹಿಂದಿರುಗಿ ಹೋದ ಅತ್ತೆ, ಕಂಡ ನೆಂಟರಿಗೆಲ್ಲ, "ನನ್ನ ಅಳಿಯ ಬಡಗಿ. ಅವರ ಮನೇಲಿ ನಾನು ಬೆಕ್ಕಿನ ಹಾಗೆ ನೆಲದಲ್ಲಿ ಸುತ್ಕೊಂಡು ಮಲಗಿ ಬಂದೆ" ಎಂದು ಹೇಳಿಕೊಂಡು ತಿರುಗಿದರು. ಆ ಮಾತು ಊರೂರು ಸುತ್ತಿ ಕೊನೆಗೆ ಮಗಳ ಕಿವಿಗೇ ಬಂದು ಬಿತ್ತು.

ಅತ್ತೆ ಮತ್ತೆ ಬರುವ ದಿನ ಬೆಳಗ್ಗೆ ಹೆಂಡತಿ ಪೊರಕೆ ಹಿಡಿದುಕೊಂಡೇ ಕೆಲಸದ ಚಪ್ಪರಕ್ಕೆ ಬಂದು ನಿಂತಳು.

"ಸಾಯಂಕಾಲದ ಬಸ್ಸಿಗೆ ಅಮ್ಮ ಬರ್ತಾಳೆ."

"ಓಕೆ."

"ಮಂಚಕ್ಕೆ ಇನ್ನೂ ಒಂದು ಕಾಲಿಲ್ಲ."

"ಓಕೆ."

"ಏನ್ರೀ ಓಕೆ? ಮೂರು ಕಾಲಿನ ಮೇಲೆ ಮಲಗೋಕೆ ನಮ್ಮಮ್ಮ ಏನು ಮುಕ್ಕಾಲಿ ಮೇಲಿನ ಹೂಜಿನಾ? ನೋಡಿ, ಅಮ್ಮ ಇವತ್ತು ನೆಲದಲ್ಲಿ ಮಲಗಿದ್ರೆ, ನಾಳೆ ಬೆಳಗಿನ ಬಸ್ಸಿಗೆ ಅವಳ ಜೊತೆ ನಾನೂ ಹೊರಟೆ. ಆಮೇಲೆ ಊರಿಗೆಲ್ಲ ಓಕೆ ಹಂಚ್ಕೊಂಡು, ನೀವೇ ಬೇಯಿಸ್ಕೊಂಡು, ನೀವೇ ಪಾತ್ರೆ ತೊಳ್ಕೊಂಡು ಇರಿ."

ಓಕೆಯಣ್ಣನ ಬಾಯಿ ಅಭ್ಯಾಸಬಲದಿಂದ ದುಂಡಗಾಯಿತು. ಹೆಂಡತಿಯ ಕಣ್ಣು ನೋಡಿ ಅರ್ಧದಲ್ಲೇ ನಿಂತಿತು.

"ಒಂದು ಕಾಲು ಕೂರಿಸೋದು ಎಷ್ಟು ಹೊತ್ತಿನ ಕೆಲಸ? ಮಧ್ಯಾಹ್ನದೊಳಗೆ ಮುಗಿಸ್ತೀನಿ ಕಣೇ."

"ಕೆಲಸಕ್ಕೆ ನಿಮ್ಮ ಕೈ ಸಾಕು ಅಂತ ನನಗೂ ಗೊತ್ತು. ನಿಮ್ಮ ಬಾಯಿದೇ ನನಗೆ ಭಯ. ಬನ್ನಿ ಇಲ್ಲಿ."

ಅವಳು ಸೆರಗಿನಡಿಯಿಂದ ಒಂದು ಉದ್ದನೆಯ ಟವೆಲ್ಲು ತೆಗೆದಳು. ಗಂಡನ ಗಲ್ಲದ ಕೆಳಗಿನಿಂದ ತಲೆಯ ಮೇಲಕ್ಕೆ ಎರಡು ಸುತ್ತು ಎಳೆದು, ನೆತ್ತಿಯ ಮೇಲೆ ಗಂಟು ಹಾಕಿದಳು. ಗಂಟಿನ ಎರಡು ತುದಿ ಮೊಲದ ಕಿವಿಯ ಹಾಗೆ ನಿಂತವು.

"ಹಲ್ಲು ನೋವು ಅಂತ ಎಲ್ಲರಿಗೂ ನಾನು ಹೇಳ್ತೀನಿ. ಯಾರೇ ಬಂದು ಏನೇ ಕೇಳಲಿ, ನೀವು ಉಸಿರು ಎತ್ತಬಾರದು. ನಾನು ಹಿಟ್ಟು ಬೀಸಿಸ್ಕೊಂಡು, ಹಾಸಿಗೆ ಬಟ್ಟೆ ಒಗೆದು ಬರೋಷ್ಟರಲ್ಲಿ ಮಂಚ ನಾಲ್ಕು ಕಾಲಿನ ಮೇಲೆ ನಿಂತಿರಬೇಕು. ಆಮೇಲೆ ನೀವೇ ಕ್ರಾಸಿಗೆ ಹೋಗಿ ಅಮ್ಮನನ್ನ ಕರ್ಕೊಂಡು ಬನ್ನಿ. ತಿಳೀತಾ?"

ಓಕೆಯಣ್ಣ ತಲೆಯಾಡಿಸಿದ. ಹೆಂಡತಿ ಹಿಟ್ಟಿನ ಡಬ್ಬಿ ಹೊತ್ತು ಹೊರಟಳು. ಹಾದಿಯುದ್ದಕ್ಕೂ ಸಿಕ್ಕವರಿಗೆಲ್ಲ ಗಂಡನ ಹಲ್ಲುನೋವಿನ ಸುದ್ದಿಯನ್ನು ಕಾಳು ಚೆಲ್ಲುವ ಹಾಗೆ ಚೆಲ್ಲುತ್ತ ಹೋದದ್ದು ಅವನಿಗೆ ಚಪ್ಪರದ ತನಕ ಕೇಳಿಸಿತು.

ಅವನಿಗೆ ನಿಜವಾಗಿ ಒಂದು ಬಗೆಯ ನೆಮ್ಮದಿಯೆನಿಸಿತು. ಬಾಯಿಗೆ ಚಿಲಕ ಬಿದ್ದ ಮೇಲೆ ತನ್ನ ತಪ್ಪೇನಿದೆ? ಹದವಾಗಿ ಒಣಗಿದ ಮರದ ತುಂಡನ್ನು ಎತ್ತಿಕೊಂಡು, ಉಳಿದ ಮೂರು ಕಾಲಿನ ಅಳತೆ ಹಿಡಿದು ಗೀರು ಹಾಕಿದ. ಬಾಚಿಯಿಂದ ಒರಟು ತೆಗೆದ. ಮರ ಒಳ್ಳೆಯ ಮರ. ಏಟಿಗೆ ಏಟು ಮಾತಾಡುತ್ತಿತ್ತು. ಅಷ್ಟರಲ್ಲಿ ಕಂಡಕ್ಟರ್ ಮಾಮ ಬಂದ.

ಕಂಡಕ್ಟರ್ ಮಾಮ ಬಸ್ಸಿನ ಕೆಲಸ ಬಿಟ್ಟು ಬಹಳ ಕಾಲವಾಗಿತ್ತು, ಬಸ್ಸು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ಯಾರ ಮನೆಯಲ್ಲಿ ನಾಲ್ಕು ಜನ ಸೇರಿದರೂ "ಒಳಗೆ ಹೋಗಿ, ಒಳಗೆ ಹೋಗಿ" ಎಂದು ಜಾಗ ಮಾಡಿಸುತ್ತಿದ್ದ. ಯಾವ ಮಾತು ಮುಗಿಸುವಾಗಲೂ "ರೈಟ್ ರೈಟ್" ಎನ್ನುತ್ತಿದ್ದ.

"ಏನಯ್ಯಾ, ಹಲ್ಲು ನೋವಂತೆ? ನೋಡಿದ್ರೆ ಪಾರ್ಸಲ್ ಕಟ್ಟಿದ ಹಾಗಿದ್ದೀಯ. ಇರ್ಲಿ. ನನ್ನ ಬಚ್ಚಲ ಬಾಗಿಲು ನೆಲಕ್ಕೆ ಉಜ್ಜುತ್ತೆ ಅಂತ ಹೇಳಿದ್ದೆನಲ್ಲ, ಇವತ್ತು ಅದರದ್ದೊಂದು ಗತಿ ಕಾಣಿಸಿಬಿಡು."

ಓಕೆಯಣ್ಣ ತಲೆಯನ್ನು ಬಲಕ್ಕೂ ಎಡಕ್ಕೂ ಜೋರಾಗಿ ಅಲ್ಲಾಡಿಸಿದ.

"ಅಯ್ಯಯ್ಯೋ, ಅಲ್ಲಾಡಿಸಬೇಡ, ನೋವು ನೆತ್ತಿಗೇರುತ್ತೆ! ಸುಮ್ನೆ ಕೇಳು. ನಿನ್ನ ಈ ಸ್ಥಿತೀಲಿ ನನ್ನ ಮನೆಗೆ ಬಾ ಅಂತ ಹೇಳೋಷ್ಟು ಕಟುಕ ನಾನಲ್ಲ."

ಓಕೆಯಣ್ಣನಿಗೆ ಜೀವ ಬಂತು.

"ಬಾಗಿಲನ್ನೇ ಕಿತ್ತು ಇಲ್ಲಿಗೆ ತರ್ತೀನಿ."

ಓಕೆಯಣ್ಣ ಮಂಚವನ್ನು ತೋರಿಸಿದ, ಹೊತ್ತನ್ನು ತೋರಿಸಿದ, ಎರಡು ಕೈ ಮುಗಿದ.

"ನನಗ್ಯಾಕಯ್ಯಾ ಕೈ ಮುಗೀತೀಯಾ, ಬಾಗಿಲು ಹೊತ್ತು ತರೋದು ನನಗೇನು ಭಾರನಾ? ಒಂದು ಮಾತು ಹೇಳ್ತೀನಿ ಕೇಳು. ಇಷ್ಟು ದಿನ ನೀನು ಓಕೆ ಓಕೆ ಅಂತಿದ್ದೆ. ನನಗೆ ಒಂದು ಸಲವೂ ನಂಬಿಕೆ ಬರಲಿಲ್ಲ. ಇವತ್ತು ಒಂದು ಮಾತೂ ಆಡದೆ ಸಮಾಧಾನವಾಗಿ ಕೇಳಿಸ್ಕೊಂಡೆ ನೋಡು, ಕೆಲಸ ಆಗುತ್ತೆ ಅಂತ ಇವತ್ತು ಗ್ಯಾರಂಟಿ ಆಯ್ತು. ರೈಟ್ ರೈಟ್."

ಅವನು ಹೋದವನು ನಿಜವಾಗಿಯೂ ಬಾಗಿಲನ್ನು ಬೆನ್ನ ಮೇಲೆ ಹೊತ್ತು ತಂದು ಚಪ್ಪರದ ಕಂಬಕ್ಕೆ ಒರಗಿಸಿದ. "ಬಚ್ಚಲಿಗೆ ಸದ್ಯಕ್ಕೆ ಪರದೆ ಕಟ್ಟಿದ್ದೀನಿ. ಮನೆಯವಳು ಸ್ನಾನಕ್ಕೆ ಕಾಯ್ತಾ ಇದ್ದಾಳೆ, ಬೇಗ ಮುಗಿಸು" ಎಂದು ಬೆನ್ನು ನೀವಿಕೊಳ್ಳುತ್ತ ಹೋದ.

ಟವೆಲ್ಲು ಬಿಚ್ಚಿ ಎಸೆದು ಕೂಗಿಬಿಡಲೇ ಎನ್ನಿಸಿತು ಓಕೆಯಣ್ಣನಿಗೆ. ಆದರೆ ಕೂಗಿ ಹೇಳುವುದೇನು? ಹಲ್ಲು ನೋವಿಲ್ಲ ಎಂದರೆ ಹೆಂಡತಿ ಊರ ಮುಂದೆ ಸುಳ್ಳಿಯಾಗುತ್ತಾಳೆ. ಹಲ್ಲು ನೋವಿದೆ ಎಂದರೆ ಇಷ್ಟು ಸ್ಪಷ್ಟವಾಗಿ ಮಾತು ಹೇಗೆ ಬಂತು? ಹೀಗೆ ಕೂಡಿಸಿ ಕಳೆಯುತ್ತಿರುವಾಗಲೇ ಎದುರುಮನೆಯ ಕೋಳಿಯಕ್ಕ ಬೇಲಿ ದಾಟಿ ಬಂದಳು. ಅವಳಿಗೆ ಮಕ್ಕಳಿರಲಿಲ್ಲ, ಕೋಳಿಗಳಿದ್ದವು. ಪ್ರತಿಯೊಂದನ್ನೂ ಹೆಸರಿಟ್ಟು ಕರೆದು ಬೈಯುತ್ತಿದ್ದಳು.

"ಪಾಪ ತಮ್ಮಾ, ಮುಖ ಎಲ್ಲ ಊದಿಹೋಗಿದೆಯಲ್ಲೋ!" ಎಂದಳು. ಊದಿದ್ದು ಟವೆಲ್ಲು. "ಕಂಡಕ್ಟರಿನ ಬಾಗಿಲು ಒಪ್ಕೊಂಡ್ಯಂತೆ? ಹಾಗಾದ್ರೆ ನನ್ನ ಗೂಡು ಏನು ಪಾಪ ಮಾಡಿತ್ತು? ಅಡಿಯ ಹಲಗೆ ಕಿತ್ತು ಬಂದಿದೆ. ಎದ್ದು ಓಡಾಡಬೇಡ ನೀನು, ಇಲ್ಲಿಗೇ ತರ್ತೀನಿ."

ಗೂಡು ಬಂತು. ಗೂಡಿನ ಜೊತೆ ಕೋಳಿಗಳೂ ಬಂದವು, ಏಕೆಂದರೆ ಅವುಗಳನ್ನು ಬಿಡುವುದಕ್ಕೆ ಬೇರೆ ಗೂಡಿರಲಿಲ್ಲ. ಅಡಿ ಕಿತ್ತ ಗೂಡನ್ನು ನೆಲಕ್ಕಿಟ್ಟು ಎತ್ತಿದ ಕೂಡಲೇ ಅವು ಒಂದೊಂದಾಗಿ ಹೊರಬಂದು, ಚಪ್ಪರವನ್ನು ಒಮ್ಮೆ ನೋಡಿ, ಅತ್ತೆಗಾಗಿ ನಯಗೊಳಿಸಿಟ್ಟ ಮಂಚದ ಹಲಗೆಗಳೇ ಸರಿಯಾದ ಜಾಗವೆಂದು ತೀರ್ಮಾನಿಸಿದವು. ಓಕೆಯಣ್ಣ ಬಾಯಿ ಕಟ್ಟಿಕೊಂಡು ಕೋಳಿ ಓಡಿಸಲು ಹೊರಟ. 'ಶ್' ಎನ್ನಲಾರದೆ ಕೋಳಿ ಓಡಿಸುವುದು ಎಷ್ಟು ಕಷ್ಟವೆಂಬುದು ಅದನ್ನು ಮಾಡಿ ನೋಡಿದವರಿಗೆ ಮಾತ್ರ ಗೊತ್ತು. ಅವನು ಕೈ ಬೀಸಿದ. ಅವು ಪಕ್ಕಕ್ಕೆ ಸರಿದು ಕೂತವು. ಅವನು ಕುಣಿದ, ಅವು ಕತ್ತು ಓರೆ ಮಾಡಿ ನೋಡಿದವು.

"ನೋವಿಗೆ ಹ್ಯಾಗೆ ಕುಣೀತಾನೆ ನೋಡು ಪಾಪ," ಎಂದು ಕೋಳಿಯಕ್ಕ ಕಣ್ಣೊರೆಸಿಕೊಂಡಳು.

ಇಷ್ಟಾದರೂ ಓಕೆಯಣ್ಣ ಕೈ ಬಿಡಲಿಲ್ಲ. ಒಂದು ಕಡೆ ಬಾಗಿಲು, ಒಂದು ಕಡೆ ಗೂಡು, ನಡುವೆ ಕೋಳಿಗಳ ಕೊಕ್ಕೊಕ್ಕೊ, ಇವೆಲ್ಲದರ ಮಧ್ಯೆ ಮಂಚವನ್ನು ಮಗುಚಿ ಹಾಕಿ, ಕಾಲಿನ ತುದಿಯನ್ನು ತೂತಿಗೆ ಹಿಡಿದು ಕೊಡತಿಯಿಂದ ಮೆಲ್ಲಗೆ ಬಡಿದ. ಒಂದಿಷ್ಟೂ ಸಡಿಲವಿಲ್ಲದೆ, ಒಂದಿಷ್ಟೂ ಸೀಳದೆ ಕಾಲು ಹೋಗಿ ಕೂತಿತು. ಮಂಚವನ್ನು ನಿಲ್ಲಿಸಿದ. ನಾಲ್ಕು ಕಾಲೂ ನೆಲ ಮುಟ್ಟಿದವು. ಮೂಲೆ ಹಿಡಿದು ಅಲುಗಿಸಿದ, ಅಲುಗಲಿಲ್ಲ. ತನ್ನ ಮನೆಗೆಂದು ತಾನು ಮಾಡಿದ ಮೊದಲ ವಸ್ತು ಅದು. ಅವನು ಅಂಗೈಯಿಂದ ಹಲಗೆಯನ್ನು ಉದ್ದಕ್ಕೂ ಸವರಿದ. ಟವೆಲ್ಲಿನ ಒಳಗೇ ಅವನ ಮುಖ ಅಗಲವಾಯಿತು.

ಆ ಸಂತೋಷದಿಂದ ಅವನ ಕಣ್ಣಲ್ಲಿ ನೀರು ಬಂದದ್ದೇ ತಪ್ಪಾಯಿತು.

"ಇನ್ನು ನನ್ನ ಕೈಲಿ ನೋಡೋಕಾಗಲ್ಲ," ಎಂದಳು ಕೋಳಿಯಕ್ಕ. "ಗಂಡಸರು ಅಳೋ ಅಷ್ಟು ನೋವು ಅಂದ್ರೆ ಅದು ಬೇರಿಗೇ ಇಳಿದಿದೆ. ನಡಿ, ಕಂಪೌಂಡರ್ ಹತ್ರ ಹೋಗೋಣ."

ಓಕೆಯಣ್ಣ ಮಂಚದ ಕಾಲು ಹಿಡಿದುಕೊಂಡ. ಕೋಳಿಯಕ್ಕ ಅವನ ರಟ್ಟೆ ಹಿಡಿದುಕೊಂಡಳು. ದಿನಾಲೂ ಕೋಳಿ ಹಿಡಿದು ಪಳಗಿದ ಕೈ ಅದು, ಗೆದ್ದಿತು.

ಊರಿನ ಆಸ್ಪತ್ರೆ ಎಂದರೆ ಒಂದು ಕೋಣೆ, ಒಂದು ಬೆಂಚು, ಒಬ್ಬ ಕಂಪೌಂಡರ್. ಡಾಕ್ಟರು ವಾರಕ್ಕೊಮ್ಮೆ ಬರುತ್ತಿದ್ದರು, ಉಳಿದ ದಿನ ಎಲ್ಲ ಕಾಯಿಲೆಯೂ ಕಂಪೌಂಡರನದೇ. ಅವನಿಗೆ ಹಲ್ಲು ಕೀಳುವ ಹೊಸ ಇಕ್ಕಳವೊಂದು ಬಂದು ಬಹಳ ದಿನವಾಗಿತ್ತು. ಹಲ್ಲು ಮಾತ್ರ ಬಂದಿರಲಿಲ್ಲ. ಮೊಲದ ಕಿವಿಯ ಗಂಟು ಹೊತ್ತ ಓಕೆಯಣ್ಣನನ್ನು ಕಂಡದ್ದೇ ಅವನು ಮದುವೆ ಮನೆಯ ಬಾಗಿಲಲ್ಲಿ ನಿಂತವನ ಹಾಗೆ ನಕ್ಕ.

"ಬಾ ಬಾ ಓಕೆಯಣ್ಣ, ಕೂತ್ಕೋ. ಯಾವ ಕಡೆ? ಎಡಗಡೆನಾ?"

ಓಕೆಯಣ್ಣ ಇಲ್ಲ ಎಂದು ತಲೆಯಾಡಿಸಿದ.

"ಬಲಗಡೆನಾ?"

ಇಲ್ಲ ಎಂದು ಮತ್ತೆ ಆಡಿಸಿದ.

"ಎರಡೂ ಕಡೆನಾ? ಛೇ ಛೇ. ಮೊದಲು ಒಂದು ಕಡೆ ಮುಗಿಸಿಬಿಡೋಣ, ಗಾಬರಿಯಾಗಬೇಡ."

ಇನ್ನು ಸುಳ್ಳು ನಿಲ್ಲದು ಎಂದು ಓಕೆಯಣ್ಣನಿಗೆ ಖಚಿತವಾಯಿತು. ಹೆಂಡತಿ ಏನೇ ಅಂದುಕೊಳ್ಳಲಿ, ನಿಜ ಹೇಳಿಬಿಡುವುದೆಂದು ನಿರ್ಧರಿಸಿದ. ಟವೆಲ್ಲನ್ನು ಕಿತ್ತು ಹಾಕಿ, ಇದ್ದ ಸತ್ಯವನ್ನೆಲ್ಲ ಒಂದೇ ಸಲಕ್ಕೆ ಹೇಳಲು ಬಾಯಿಯನ್ನು ಇದ್ದಷ್ಟೂ ಅಗಲಕ್ಕೆ ತೆರೆದ.

"ಹಾಂ, ಹಾಗೇ ಇರ್ಲಿ," ಎಂದು ಕಂಪೌಂಡರ್ ಇಕ್ಕಳ ಇಳಿಸಿದ. ಯಾವುದೋ ಒಂದು ಹಲ್ಲನ್ನು ತಟ್ಟಿ, "ಇದೇನಾ?" ಎಂದ.

"ಆಂ! ಆಂ!"

"ಇದೇ ಇದೇ. ನೋಡಕ್ಕಾ, ಮುಟ್ಟಿದ್ರೆ ಸಾಕು ಹ್ಯಾಗೆ ಕೂಗ್ತಾನೆ. ಸೂಜಿ ಚುಚ್ಚಿಬಿಟ್ಟೆ ನೋಡು, ಇನ್ನು ಜಡ ಆಗುತ್ತೆ. ತೆಗೀಲಾ? ಓಕೆನಾ?"

ಜೀವಮಾನದಲ್ಲಿ ಮೊದಲ ಬಾರಿಗೆ ಓಕೆಯಣ್ಣನಿಗೆ ಯಾರೋ ಆ ಮಾತನ್ನು ಪ್ರಶ್ನೆಯಾಗಿ ಕೇಳಿದ್ದರು. ಬೇಡ ಎನ್ನುವುದಕ್ಕೆ ಅವನ ಮೈಯೆಲ್ಲ ಹಂಬಲಿಸಿತು. ನಾಲಗೆಯ ಮೇಲೆ ಇಕ್ಕಳ ಕೂತಿತ್ತು.

ಅದೇ ಹೊತ್ತಿಗೆ ಕಂಡಕ್ಟರ್ ಮಾಮ ಏದುಸಿರು ಬಿಡುತ್ತ ಬಾಗಿಲಿಗೆ ಬಂದ.

"ಇಲ್ಲಿದ್ದೀಯಾ? ಕ್ರಾಸಿನ ಹತ್ರ ಯಾರೋ ವಯಸ್ಸಾದೋರು ಮಧ್ಯಾಹ್ನದ ಬಸ್ಸಿಂದ ಇಳಿಯೋವಾಗ ಚರಂಡಿಗೆ ಜಾರಿ ಕಾಲು ಉಳುಕಿಸ್ಕೊಂಡಿದ್ದಾರಂತೆ. ಎತ್ತೋಕಾಗ್ತಿಲ್ಲವಂತೆ, ಗಿರಣಿಯವನು ಬಂದು ಹೇಳಿದ. ಹೊತ್ಕೊಂಡು ಬರೋಕೆ ನಿನ್ನ ಮಂಚ ತಗೊಂಡು ಹೋಗ್ಲಾ?"

ಸರಿಯಾಗಿ ಆಗ ಕಂಪೌಂಡರ್ ಎಳೆದ.

"ಊಊಊಂ!" ಎಂದ ಓಕೆಯಣ್ಣ.

"ದೊಡ್ಡ ಮನಸ್ಸು ಕಣಯ್ಯಾ ನಿನ್ನದು! ರೈಟ್ ರೈಟ್!" ಎಂದು ಕಂಡಕ್ಟರ್ ಮಾಮ ಬಂದ ದಾರಿಯಲ್ಲೇ ಓಡಿದ.

ಕಂಪೌಂಡರ್ ಹಲ್ಲನ್ನು ಕಿಟಕಿಯ ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ನೋಡಿದ. ಅದು ಮುತ್ತಿನ ಹಾಗೆ ಹೊಳೆಯುತ್ತಿತ್ತು. "ವಿಚಿತ್ರ," ಎಂದ. "ಕೆಲವು ಹಲ್ಲು ಹೀಗೇ. ಹೊರಗೆ ನೋಡೋಕೆ ಸಾಧು, ಒಳಗೊಳಗೇ ಕುತಂತ್ರ." ಬಾಯಿತುಂಬ ಹತ್ತಿ ತುರುಕಿ, ರಕ್ತ ನಿಲ್ಲುವ ತನಕ ಬಹಳ ಹೊತ್ತು ಬೆಂಚಿನ ಮೇಲೆ ಕೂರಿಸಿಕೊಂಡು, "ಸಾಯಂಕಾಲದವರೆಗೆ ಮಾತಾಡಬೇಡ" ಎಂದು ಕಳಿಸಿಕೊಟ್ಟ.

ಓಕೆಯಣ್ಣ ಚಪ್ಪರಕ್ಕೆ ಬಂದಾಗ ಅಲ್ಲಿ ಬಾಗಿಲಿತ್ತು, ಗೂಡಿತ್ತು, ಕೋಳಿಗಳಿದ್ದವು. ಮಂಚವಿದ್ದ ಜಾಗದಲ್ಲಿ ಕೆತ್ತೆಯ ಚೂರುಗಳ ನಡುವೆ ನಾಲ್ಕು ಗುಂಡನೆಯ ಗುರುತು ಮಾತ್ರ ಉಳಿದಿದ್ದವು. ಹೆಂಡತಿ ಇನ್ನೂ ಬಟ್ಟೆ ಒಗೆದು ಬಂದಿರಲಿಲ್ಲ. ಬರುವುದರೊಳಗೆ ಮಂಚ ಹಿಂದಿರುಗಬೇಕು. ಅವನು ಹೊಲದ ನಡುವಿನ ಅಡ್ಡದಾರಿ ಹಿಡಿದು ಕ್ರಾಸಿನತ್ತ ಓಡಿದ. ಒಂದು ಕೆನ್ನೆ ಜಡವಾಗಿ, ಅದು ತನ್ನದೋ ಪಕ್ಕದವರದೋ ತಿಳಿಯದ ಹಾಗೆ ಜೋಲುತ್ತಿತ್ತು. ಹೊಲದಲ್ಲಿ ಕಳೆ ಕೀಳುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ಅವನನ್ನು ನೋಡಿ, ಹಲ್ಲುನೋವು ಮನುಷ್ಯನನ್ನು ಎಷ್ಟು ದೂರ ಓಡಿಸುತ್ತದಪ್ಪ ಎಂದುಕೊಂಡರು.

ಕ್ರಾಸಿನಲ್ಲಿ ಮಂಚವಿರಲಿಲ್ಲ. ಚಹಾದಂಗಡಿಯವನು ಲೋಟ ತೊಳೆಯುತ್ತಿದ್ದ. ಓಕೆಯಣ್ಣ ಅಂಗೈ ಎರಡೂ ಸೇರಿಸಿ ಕೆನ್ನೆಗಿಟ್ಟು ತಲೆ ವಾಲಿಸಿ, ಮಲಗುವ ಅಭಿನಯ ಮಾಡಿ, ನಾಲ್ಕು ಬೆರಳು ತೋರಿಸಿದ.

"ಮಂಚವಾ? ಅದು ಆಗಲೇ ದೊಡ್ಡ ರಸ್ತೇಲಿ ಊರೊಳಗೆ ಹೋಯ್ತಲ್ಲ! ನೀನು ಅಡ್ಡದಾರೀಲಿ ಬಂದ್ಯೇನೋ. ಆಹಾ, ಏನು ಮಂಚ ಮಾರಾಯಾ! ನಾಲ್ಕು ಜನ ಹೊತ್ತಿದ್ರು, ಒಂದು ಕಿರ್ ಅಂತ ಸದ್ದಿಲ್ಲ. ಮೇಲೆ ಅಜ್ಜಿ ರಾಣಿ ಥರ ಕೂತಿದ್ರು. ಕಂಡಕ್ಟರು ಮುಂದೆ ಮುಂದೆ 'ಜಾಗ ಬಿಡಿ, ಜಾಗ ಬಿಡಿ' ಅಂತ ಕೂಗ್ತಾ ಹೋದ. ಪ್ರತಿ ಮನೆ ಮುಂದೆ ಸ್ಟಾಪ್ ಕೊಟ್ಕೊಂಡು ಹೋಗ್ತಾ ಇದ್ರೆ ಯಾವಾಗ ಮುಟ್ತಾರೋ."

ಓಕೆಯಣ್ಣ ಹಿಂದಿರುಗಿ ಓಡಲು ಕಾಲೆತ್ತಿದ. ಅಷ್ಟರಲ್ಲಿ ಹೊತ್ತು ನೋಡಿದ. ಬಿಸಿಲು ಇಳಿದಿತ್ತು. ಸಾಯಂಕಾಲದ ಬಸ್ಸು ಬರುವ ಸಮಯ. ಈಗ ಮಂಚದ ಹಿಂದೆ ಹೋದರೆ ಅತ್ತೆ ಬಂದಿಳಿದಾಗ ಕರೆಯಲು ಯಾರೂ ಇರುವುದಿಲ್ಲ. ಅತ್ತೆಯನ್ನು ಕಾದರೆ ಮಂಚ ಇರುವುದಿಲ್ಲ. ಒಂದು ಕಾಲು ಊರಿನತ್ತ, ಒಂದು ಕಾಲು ರಸ್ತೆಯತ್ತ ಇಟ್ಟುಕೊಂಡು ಅವನು ಬಹಳ ಹೊತ್ತು ಹಾಗೇ ನಿಂತ. ಯಾರದೋ ಅಜ್ಜಿ, ಯಾವ ಊರಿನವಳೋ, ಇದೇ ದಿನ, ಇದೇ ಚರಂಡಿಗೇ ಬೀಳಬೇಕೆ ಎಂದು ಮನಸ್ಸಿನಲ್ಲೇ ಹಲ್ಲು ಕಡಿದ. ಕಡಿಯಲು ಹೋದರೆ ಒಂದು ಕಡೆ ಖಾಲಿ.

ಬಸ್ಸು ಧೂಳೆಬ್ಬಿಸಿಕೊಂಡು ಬಂತು. ಚೀಲ ಹೊತ್ತ ಇಬ್ಬರು ಇಳಿದರು. ಒಂದು ಸೈಕಲ್ ಇಳಿಯಿತು. ಅತ್ತೆ ಇಳಿಯಲಿಲ್ಲ. ಓಕೆಯಣ್ಣ ಕಿಟಕಿ ಕಿಟಕಿಗೂ ಇಣುಕಿ ನೋಡಿದ. ಬಸ್ಸು ಹೊರಟೇ ಹೋಯಿತು.

ಅತ್ತೆ ಬಂದಿಲ್ಲ!

ಅವನ ಎದೆಯ ಮೇಲಿಂದ ಯಾರೋ ಮರದ ದಿಮ್ಮಿ ಎತ್ತಿ ಪಕ್ಕಕ್ಕಿಟ್ಟ ಹಾಗಾಯಿತು. ಅತ್ತೆ ಬರಲಿಲ್ಲವೆಂದರೆ ನೆಲದಲ್ಲಿ ಮಲಗುವವರು ಯಾರು? ಹೆಂಡತಿ ತವರಿಗೆ ಹೋಗುವುದು ಯಾರ ಜೊತೆ? ಮಂಚ ನಿಧಾನವಾಗಿ ಬಂದರೆ ಬರಲಿ. ಅವನು ಕೈ ಬೀಸಿಕೊಂಡು, ಈ ಬಾರಿ ದೊಡ್ಡ ರಸ್ತೆಯಲ್ಲೇ, ಮನೆಯತ್ತ ನಡೆದ.

ದಾರಿಯಲ್ಲಿ ಜನ ಎಂದೂ ಇಲ್ಲದ ಪ್ರೀತಿಯಿಂದ ಅವನನ್ನು ಮಾತಾಡಿಸಿದರು. ಗಿರಣಿಯವನು ಮೈಮೇಲಿನ ಹಿಟ್ಟು ಕೊಡವಿಕೊಳ್ಳುತ್ತ ಹೊರಗೆ ಬಂದು, "ಬಹಳ ಸಂತೋಷ ಓಕೆಯಣ್ಣ. ನಮ್ಮದು ಸ್ವಲ್ಪ ಅಗಲ ಇರ್ಲಿ ಮತ್ತೆ. ನನ್ನ ಮೈ ನಿನಗೇ ಗೊತ್ತಲ್ಲ" ಎಂದ. ಏನು ಅಗಲ, ಯಾಕೆ ಅಗಲ ಎಂದು ತಿಳಿಯದೆ ಓಕೆಯಣ್ಣ ಕೆನ್ನೆ ತೋರಿಸಿ ಮುಂದೆ ನಡೆದ. ದರ್ಜಿ ಮಿಷನ್ನು ನಿಲ್ಲಿಸಿ, ಕೊರಳಲ್ಲಿದ್ದ ಟೇಪು ತೆಗೆದು ಬೀಸಿ, "ಅಳತೆ ನಾನೇ ತೆಗೆದಿಟ್ಟಿದ್ದೀನಿ, ನೀನು ತೊಂದರೆ ತಗೋಬೇಡ" ಎಂದ. ಬಾವಿಯ ಹತ್ತಿರ ಒಬ್ಬಾಕೆ, "ಅಣ್ಣಾ, ಮೊದಲು ನಮ್ಮದು" ಎಂದಳು. ಇನ್ನೊಬ್ಬಾಕೆ, "ಅದು ಹ್ಯಾಗೆ ನಿಮ್ಮದು ಮೊದಲು? ನಮ್ಮ ಮನೆ ಮುಂದೆ ಅಲ್ವಾ ಮೊದಲು ನಿಂತಿದ್ದು?" ಎಂದು ಕೊಡ ಕೆಳಗಿಟ್ಟಳು. ಹಲ್ಲು ಕೀಳಿಸಿಕೊಂಡವರಿಗೆ ಈ ಊರಿನಲ್ಲಿ ಇಷ್ಟು ಮರ್ಯಾದೆ ಇದೆಯೆಂದು ಅವನಿಗೆ ಮೊದಲೇ ಗೊತ್ತಿರಲಿಲ್ಲ.

ಮನೆಯ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಕಾಲಿಟ್ಟ ಓಕೆಯಣ್ಣ ಹಾಗೇ ನಿಂತ.

ನಡುಮನೆಯಲ್ಲಿ ಮಂಚವಿತ್ತು. ಮಂಚದ ಮೇಲೆ, ಕಾಲಿಗೆ ಬಿಳಿ ಪಟ್ಟಿ ಸುತ್ತಿಕೊಂಡು, ಗೋಡೆಗೆ ದಿಂಬು ಒರಗಿಸಿಕೊಂಡು, ಕೈಯಲ್ಲಿ ಚಹಾದ ಲೋಟ ಹಿಡಿದು ಅತ್ತೆ ಕೂತಿದ್ದರು.

"ಬನ್ನಿ ಅಳಿಯಂದಿರೇ, ಬನ್ನಿ!" ಎಂದರು ಅತ್ತೆ. "ಬೇಗ ಬಂದು ಮಗಳಿಗೆ ಆಶ್ಚರ್ಯ ಮಾಡೋಣ ಅಂತ ಮಧ್ಯಾಹ್ನದ ಬಸ್ಸಿಗೇ ಬಂದೆ. ಇಳಿಯೋವಾಗ ನೆಲ ಇದೆ ಅಂದ್ಕೊಂಡ ಕಡೆ ಚರಂಡಿ ಇತ್ತು ನೋಡಿ. ಅಯ್ಯೋ, ನನ್ನ ಗತಿ ಮುಗೀತು ಅಂತ ಅಳ್ತಾ ಕೂತಿದ್ರೆ, ಈ ಪುಣ್ಯಾತ್ಮರು ಮಂಚ ಹೊತ್ಕೊಂಡು ಬಂದ್ರು! ಯಾರದಪ್ಪಾ ಈ ಮಂಚ ಅಂದೆ. ನಿಮ್ಮಳಿಯನದು ಅಂದ್ರು. ಅತ್ತೆಗೋಸ್ಕರ ಹಲ್ಲುನೋವಲ್ಲೂ ಕೂತು ಮಾಡಿದಾರೆ ಅಂದ್ರು. ನನಗೆ ಕಾಲಿನ ನೋವೇ ಮರೆತು ಹೋಯ್ತು."

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದಳು. ಆ ನೋಟದಲ್ಲಿ ಬೆಳಗಿನ ಪೊರಕೆಯ ನೆರಳೂ ಇರಲಿಲ್ಲ. ಮದುವೆಯಾದ ಹೊಸದರಲ್ಲಿ ಕೂಡ ಅವಳು ಅವನನ್ನು ಹಾಗೆ ನೋಡಿದ್ದು ನೆನಪಿಲ್ಲ. ಕಂಡಕ್ಟರ್ ಮಾಮ, ಕೋಳಿಯಕ್ಕ, ಕಂಪೌಂಡರ್ ಎಲ್ಲರೂ ಗೋಡೆಗೊರಗಿ ಚಹಾ ಕುಡಿಯುತ್ತಿದ್ದರು. ಒಂದು ಹಲ್ಲು ಹೋದರೆ ಹೋಯಿತು, ಹೆಂಡತಿ ಉಳಿದಳು, ಅತ್ತೆ ಮೆಚ್ಚಿದರು, ಮಂಚ ಮನೆಗೆ ಬಂತು ಎಂದು ಓಕೆಯಣ್ಣ ಹೊಸಿಲ ಮೇಲೇ ಕುಕ್ಕರಿಸಿ, ಮೊದಲ ಬಾರಿಗೆ ದೀರ್ಘವಾಗಿ ಉಸಿರು ಬಿಟ್ಟ.

"ಇನ್ನೊಂದು ಮಾತು ಅಳಿಯಂದಿರೇ," ಎಂದರು ಅತ್ತೆ, ಲೋಟ ಕೆಳಗಿಟ್ಟು. "ನನ್ನನ್ನ ಹೊತ್ಕೊಂಡು ಬರ್ತಾ ಇದ್ರೆ ಬೀದಿಗೆ ಬೀದಿಯೇ ಬಾಗಿಲಿಗೆ ಬಂತು. ನೋಡಿದೋರೆಲ್ಲ ಏನು ಹೊಗಳಿದ್ದು, ಏನು ಹೊಗಳಿದ್ದು! 'ಅಜ್ಜಿ, ನಮಗೂ ಇಂಥದೊಂದು ಮಂಚ ಮಾಡಿಕೊಡೋಕೆ ನಿಮ್ಮಳಿಯನಿಗೆ ಹೇಳ್ತೀರಾ' ಅಂತ ಒಬ್ಬರಾದ ಮೇಲೆ ಒಬ್ಬರು ಕೇಳಿದ್ರು. ನಿಮಗೋ ಹಲ್ಲು ನೋವು, ಪಾಪ, ಮಾತಾಡೋ ಹಾಗಿಲ್ಲ. ನಿಮ್ಮ ಪರವಾಗಿ ನಾನೇ ಹೇಳಿಬಿಟ್ಟೆ."

ಓಕೆಯಣ್ಣ ಮೆಲ್ಲಗೆ ತಲೆಯೆತ್ತಿದ.

"ನಿಮ್ಮ ಹಾಗೇ ಹೇಳಿದೆ," ಎಂದು ಅತ್ತೆ ಸಂಕೋಚದಿಂದ ನಕ್ಕರು. "ಕೇಳಿದೋರಿಗೆಲ್ಲ 'ಓಕೆ' ಅಂದೆ. ಸರಿಯಾಗಿ ಅಂದೆ ತಾನೇ ಕಂಡಕ್ಟರೇ?"

"ಫಸ್ಟ್ ಕ್ಲಾಸಾಗಿ ಅಂದ್ರಿ ಅಮ್ಮಾ," ಎಂದ ಕಂಡಕ್ಟರ್ ಮಾಮ. "ಕ್ರಾಸಿಂದ ಹಿಡಿದು ಇಲ್ಲಿ ತನಕ ಒಂದು ಮನೇನೂ ಬಿಡಲಿಲ್ಲ."

ಓಕೆಯಣ್ಣ ಹೆಂಡತಿಯ ಕಡೆ ತಿರುಗಿದ. ಆ ಮಾತನ್ನು ಮನೆಯಿಂದ ಓಡಿಸಲು ಟವೆಲ್ಲು ಹಿಡಿದು ನಿಂತವಳು ಈಗಲಾದರೂ ಬಾಯಿ ಬಿಡಲಿ ಎಂದು ಕಾದ. ಅವಳು ಬಾಯಿ ಬಿಟ್ಟಳು.

"ಅಮ್ಮ ಅಪರೂಪಕ್ಕೆ ಮಾತು ಕೊಟ್ಟಿದ್ದಾಳೆ ಕಣ್ರೀ," ಎಂದಳು. "ನಮ್ಮ ತವರಿನವರ ಮಾತು ಇವತ್ತಿನವರೆಗೆ ಸುಳ್ಳಾಗಿಲ್ಲ."

"ಸುಳ್ಳಾಗೋಕೆ ನಾನು ಬಿಡ್ತೀನಾ?" ಎಂದರು ಅತ್ತೆ. "ನಾಲ್ಕು ದಿನಕ್ಕೆ ಅಂತ ಬಂದೆ. ಆದ್ರೆ ಮಾತು ಕೊಟ್ಟೋಳು ನಾನು. ಕೊನೇ ಮಂಚ ಕೊನೇ ಮನೆ ಸೇರೋ ತನಕ ನಾನು ಈ ಊರು ಬಿಟ್ಟು ಅಲ್ಲಾಡಲ್ಲ. ನಾಳೆಯಿಂದ ಈ ಮಂಚನ ನಿಮ್ಮ ಚಪ್ಪರದಲ್ಲೇ ಹಾಕಿ. ಅಲ್ಲೇ ಕೂತು ಕೆಲಸ ನೋಡ್ತಾ ಇರ್ತೀನಿ. ನಿಮಗೂ ಒಂದು ಜೊತೆಯಾಗುತ್ತೆ."

ಓಕೆಯಣ್ಣ ಎದ್ದು ನಿಂತ. ಹತ್ತಿಯ ಉಂಡೆಯನ್ನು ಬಾಯಿಂದ ತೆಗೆದು ಅಂಗಳಕ್ಕೆ ಎಸೆದ. ಜಡವಾದ ಕೆನ್ನೆಯನ್ನು ಒಂದು ಕೈಯಿಂದ ಮೇಲಕ್ಕೆತ್ತಿ ಹಿಡಿದ. ಹುಟ್ಟಿದಂದಿನಿಂದ ಒಳಗೆಲ್ಲೋ ಕೂಡಿಟ್ಟಿದ್ದ ಧೈರ್ಯವನ್ನೆಲ್ಲ ಗಂಟಲಿಗೆ ತಂದು, ಎಲ್ಲರಿಗೂ ಕೇಳುವ ಹಾಗೆ, ಬಿಡಿಬಿಡಿಯಾಗಿ ಹೇಳಿದ:

"ಆಗೋದಿಲ್ಲ."

ಕಂಡಕ್ಟರ್ ಮಾಮ ಲೋಟವನ್ನು ತುಟಿಯ ಹತ್ತಿರವೇ ಹಿಡಿದುಕೊಂಡ. ಕೋಳಿಯಕ್ಕ ಕಂಪೌಂಡರನ ಮುಖ ನೋಡಿದಳು.

"ಏನಂದ್ರು?" ಎಂದರು ಅತ್ತೆ.

"ಔಷಧಿ ಅಮಲು ಇನ್ನೂ ಇಳಿದಿಲ್ಲ ಅಮ್ಮಾ," ಎಂದ ಕಂಪೌಂಡರ್. "ಏನೇನೋ ಬಡಬಡಿಸ್ತಾರೆ. ಬೆಳಗಾಗೋಷ್ಟರಲ್ಲಿ ಸರಿಹೋಗ್ತಾರೆ."

"ಹೌದಮ್ಮಾ," ಎಂದಳು ಹೆಂಡತಿ, ಗಂಡನನ್ನು ಭುಜ ಹಿಡಿದು ಮೆಲ್ಲಗೆ ಕೂರಿಸುತ್ತ. "ಎಚ್ಚರದಲ್ಲಿದ್ದಾಗ ಅವರು ಯಾವತ್ತೂ ಹಾಗೆ ಹೇಳೋರಲ್ಲ."

ಹೊರಗೆ ಬೀದಿಯಲ್ಲಿ ಯಾರೋ ನಿಂತ ಸದ್ದಾಯಿತು. ಕಿಟಕಿಯ ಸರಳಿನಾಚೆ ಹೊಸದಾಗಿ ಮದುವೆಯಾದ ದಂಪತಿಗಳ ಎರಡು ಮುಖಗಳು ಕಾಣಿಸಿಕೊಂಡವು.

"ಅಜ್ಜೀ, ನಾವು ಆಗ ಮನೇಲಿರಲಿಲ್ಲ," ಎಂದಳು ಹುಡುಗಿ ನಾಚಿಕೊಳ್ಳುತ್ತ. "ನಮಗೂ ಒಂದು ಮಂಚ ಬೇಕಿತ್ತು. ಹಾಗೇ, ಮುಂದಕ್ಕೆ ಬೇಕಾಗುತ್ತಲ್ಲ, ಒಂದು ತೊಟ್ಟಿಲೂ..."

ಓಕೆಯಣ್ಣ ಅತ್ತೆಯ ಕಡೆಗೆ ಎರಡೂ ಕೈ ಚಾಚಿದ. ಅಷ್ಟರಲ್ಲಿ ಅತ್ತೆ ದಿಂಬನ್ನು ಸರಿಮಾಡಿಕೊಂಡು, ಕಿಟಕಿಯತ್ತ ತಿರುಗಿ, ಇಡೀ ಬೀದಿಗೆ ಕೇಳುವ ಹಾಗೆ ಹೇಳಿಯಾಗಿತ್ತು:

"ಓಕೆ!"